ಬಸವ ಜಯಂತಿಯ ಪ್ರವರ್ತಕ ಹರ್ಡೇಕರ ಮಂಜಪ್ಪನವರು

ವೈಶಾಖ ಮಾಸದ ಅಕ್ಷಯ ತೃತೀಯೆಯಂದು ನಾವೆಲ್ಲರೂ ಬಸವ ಜಯಂತಿಯನ್ನು ಆಚರಿಸುತ್ತೇವೆ. ಈ ಆಚರಣೆ ಬಹು ಹಿಂದಿನಿಂದಲೂ ಹೀಗೆಯೇ ನಡೆದುಬಂದಿದೆ ಎಂದು ನಮ್ಮ ಯುವಕರಲ್ಲಿ ಹಲವರು ಭಾವಿಸಿದ್ದಾರೆ. ಅದು ಸಾರ್ವಜನಿಕ ಉತ್ಸವದ ರೂಪ ತಾಳಿದ್ದು 1913ರಲ್ಲಿ, ದಾವಣಗೆರೆಯಲ್ಲಿ. ಅದರ ಹಿಂದಿದ್ದವರು ಮುಂದೆ ಕರ್ನಾಟಕದ ಗಾಂಧಿ ಎಂದೇ ಹೆಸರಾದ ಹರ್ಡೇಕರ ಮಂಜಪ್ಪನವರು.

ಮಂಜಪ್ಪನವರು 1886ರಲ್ಲಿ ಉತ್ತರ ಕನ್ನಡದ ಬನವಾಸಿಯಲ್ಲಿ ಬಡ ಕುಟುಂಬದಲ್ಲಿ ಜನಿಸಿದರು. ಮುಲ್ಕಿ ಪರೀಕ್ಷೆಯವರೆಗೆ ಓದಿ ಶಿರಸಿಯಲ್ಲಿ ಶಾಲಾ ಶಿಕ್ಷಕರಾದರು. ಬಡವರ ಮನೆಗೆ ಸರಕಾರಿ ಸಂಬಳವೆಂಬುದು ದೊಡ್ಡ ಆಸರೆ. ಆದರೆ 1905ರ ಬಂಗಾಳ ವಿಭಜನೆಯ ತರುವಾಯ ಸ್ವದೇಶಿ ಚಳವಳಿ ದೇಶವನ್ನೆಲ್ಲ ವ್ಯಾಪಿಸಿದಾಗ, ಲೋಕಮಾನ್ಯ ಟಿಳಕರ ವಿಚಾರಗಳಿಂದ ಪ್ರಭಾವಿತರಾದ ಅವರು ಆ ಆಸರೆಯನ್ನು ಬಿಟ್ಟರು. 1906ರಲ್ಲಿ ದಾವಣಗೆರೆಗೆ ಬಂದು ಅಣ್ಣನವರೊಡಗೂಡಿ 'ಧನುರ್ಧಾರಿ' ಎಂಬ ವಾರಪತ್ರಿಕೆಯನ್ನು ಆರಂಭಿಸಿದರು.

ಅಂದು ಜನರನ್ನು ಎಚ್ಚರಿಸಲು ಇದ್ದ ಸಾಧನಗಳು ಎರಡೇ: ಪತ್ರಿಕೆ ಮತ್ತು ಭಾಷಣ. ಅವೂ ನಿರಾತಂಕವಾಗಿರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನವು ಪತ್ರಿಕೆಗಳ ಮೇಲೆ ಬಿಗಿಯಾದ ಕಾಯಿದೆಯನ್ನು ತಂದಿತು. ಇಂತಹ ಕಾಲದಲ್ಲಿ ಮಂಜಪ್ಪನವರ ದೃಷ್ಟಿ ಸಮಾಜದ ಅಂತರಂಗದ ಕಡೆಗೂ ಹೊರಳಿತು. ಜಾತಿಭೇದ, ದುಶ್ಚಟ, ಅಜ್ಞಾನಗಳಲ್ಲಿ ಮುಳುಗಿದ ಸಮಾಜಕ್ಕೆ ಸ್ವರಾಜ್ಯ ದೊರೆತರೂ ಅದು ನಿಲ್ಲದೆಂಬುದನ್ನು ಅವರು ಕಂಡುಕೊಂಡರು. ಆಜನ್ಮ ಬ್ರಹ್ಮಚರ್ಯದ ವ್ರತ ತೊಟ್ಟು ಲೋಕಸೇವೆಯನ್ನೇ ತಮ್ಮ ಸಂಸಾರವಾಗಿಸಿಕೊಂಡರು.

ದಾವಣಗೆರೆಯ ವಿರಕ್ತಮಠದ ಪೂಜ್ಯ ಮೃತ್ಯುಂಜಯ ಸ್ವಾಮಿಗಳ ಆಶ್ರಯ ಅವರಿಗೆ ದೊರೆಯಿತು. ಅಲ್ಲಿ ಭಜನಾ ಸಂಘ ಮೊದಲಾಯಿತು. ಭಜನೆಗೆ ಕೂಡಿದ ಭಕ್ತರು ಪ್ರವಚನವನ್ನೂ ಕೇಳತೊಡಗಿದರು. ಅದರ ಮುಂದುವರಿಕೆಯೇ ಬಸವ ಜಯಂತಿ. ಅಂದಿನ ಬಹುಮಂದಿ ಭಕ್ತರಿಗೆ ಬಸವಣ್ಣನವರೆಂದರೆ ಪುರಾಣದ ನಂದಿಯ ಅವತಾರ. ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾಗಿ ಬರುವುದಕ್ಕೆ ಇನ್ನೂ ಹತ್ತು ವರ್ಷವಿತ್ತು. ಅಂತಹ ದಿನಗಳಲ್ಲಿ ಮಂಜಪ್ಪನವರು ಕಾಯಕ ಹಾಗೂ ದಾಸೋಹವನ್ನು ಬೋಧಿಸಿದ, ಕುಲದ ಹಿರಿಮೆಯನ್ನು ನಿರಾಕರಿಸಿದ ಸಮಾಜಸುಧಾರಕ ಬಸವಣ್ಣನವರನ್ನು ಜನರ ಮುಂದೆ ನಿಲ್ಲಿಸಿದರು. ಟಿಳಕರು ಗಣೇಶೋತ್ಸವದಿಂದ ಜನರನ್ನು ಒಗ್ಗೂಡಿಸಿದ ಬಗೆ ಅವರ ಕಣ್ಣಮುಂದಿತ್ತು. ಅವರಿಗೆ ಉತ್ಸವ ನೆಪ, ಜನಜಾಗೃತಿಯೇ ಉದ್ದೇಶ.

ಗಾಂಧೀಜಿಯವರ ಮಾರ್ಗ ಪರಿಚಯವಾದಾಗ ಅದರಲ್ಲಿ ಅವರಿಗೆ ಶರಣಮಾರ್ಗವೇ ಕಂಡಿತು. ನೂಲುವುದನ್ನು ಕಾಯಕವೆಂದು ತಿಳಿದರು, ಖಾದಿ ತೊಟ್ಟರು, ಸಾಬರಮತಿಗೆ ಹೋಗಿ ಆಶ್ರಮಜೀವನವನ್ನು ಕಂಡುಬಂದರು. ತುಂಗಭದ್ರೆಯ ತಟದ ಹರಿಹರದಲ್ಲಿ ಸತ್ಯಾಗ್ರಹಾಶ್ರಮ ಕಟ್ಟಿದರು. 1927ರಲ್ಲಿ ಕೃಷ್ಣಾ ತೀರದ ಆಲಮಟ್ಟಿಗೆ ತೆರಳಿ ವಿದ್ಯಾಲಯ ತೆರೆದರು. ಅಲ್ಲಿ ಓದಿನ ಜೊತೆಗೆ ಮೈಮುರಿದು ದುಡಿಯುವುದೂ ಪಾಠವಾಗಿತ್ತು. ಈ ನಡುವೆ 'ಖಾದಿ ವಿಜಯ', 'ಉದ್ಯೋಗ', 'ಶರಣ ಸಂದೇಶ' ಪತ್ರಿಕೆಗಳನ್ನು ನಡೆಸಿದರು. ಹಲವಾರು ಪುಸ್ತಕಗಳನ್ನು ರಚಿಸಿದರು. 1947ರ ಜನವರಿ 3ರಂದು ಲಿಂಗೈಕ್ಯರಾದರು. ಸ್ವಾತಂತ್ರ್ಯಕ್ಕೆ ಆಗ ಇನ್ನೂ ಏಳು ತಿಂಗಳಿತ್ತು.

ಮಂಜಪ್ಪನವರು ಅಧಿಕಾರ ಬಯಸಲಿಲ್ಲ, ಆಸ್ತಿ ಕೂಡಿಡಲಿಲ್ಲ. ಅವರು ನಮಗೆ ಬಿಟ್ಟುಹೋದದ್ದು ಒಂದು ದಿನಾಚರಣೆಯನ್ನು, ಅದರೊಳಗೆ ಒಂದು ಹೊಣೆಯನ್ನು. ದಿನಾಚರಣೆಯನ್ನು ನಾವು ಉಳಿಸಿಕೊಂಡಿದ್ದೇವೆ, ಬೆಳೆಸಿಯೂ ಇದ್ದೇವೆ. ಮೆರವಣಿಗೆ ದೊಡ್ಡದಾಗಿದೆ, ವೇದಿಕೆ ಎತ್ತರವಾಗಿದೆ. ಹೊಣೆಯ ವಿಷಯದಲ್ಲಿ ಹಾಗೆಂದು ಹೇಳಲು ನಮಗೆ ಧೈರ್ಯ ಸಾಲದು. ಬಸವಣ್ಣನವರ ಭಾವಚಿತ್ರದ ಮುಂದೆ ಕೈಮುಗಿದ ನಾವೇ ಮಕ್ಕಳ ಮದುವೆಯ ಮಾತು ಬಂದಾಗ ಒಳಪಂಗಡ ಕೇಳುತ್ತೇವೆ; ಬೀದಿ ಗುಡಿಸುವವರ ಕಾಯಕವನ್ನು ಹೊಗಳಿ, ಅವರೊಡನೆ ಒಂದೇ ಪಂಕ್ತಿಯಲ್ಲಿ ಕೂರಲು ಹಿಂಜರಿಯುತ್ತೇವೆ.

ಮುಂದಿನ ಜಯಂತಿಯಂದು ನಮ್ಮ ಊರುಗಳಲ್ಲಿ ಮೆರವಣಿಗೆ ಎಂದಿನಂತೆ ಸಾಗಲಿ. ಅದು ಊರಿನ ಎಲ್ಲ ಕೇರಿಗಳನ್ನೂ ಹಾದು ಬರಲಿ, ಎಲ್ಲ ಕೇರಿಗಳವರೂ ದಾಸೋಹದ ಪಂಕ್ತಿಯಲ್ಲಿ ಜೊತೆಯಾಗಿ ಕುಳಿತುಕೊಳ್ಳಲಿ. ಮಂಜಪ್ಪನವರ ಸ್ಮರಣೆಗೆ ಇದಕ್ಕಿಂತ ಮಿಗಿಲಾದ ಪೂಜೆ ನಮಗೆ ತೋರದು.