ತಿಮ್ಮೋಜನ ದೋಣಿಗಳು ತೋರಿಸಿದ ದಾರಿ

ಗೋವೆಯ ಇತಿಹಾಸ ಬರೆಯುವ ಯಾರೇ ಆಗಲಿ, 1510ನೇ ಇಸವಿಗೆ ಬಂದಾಗ ಹೊನ್ನಾವರದ ಒಬ್ಬ ಮನುಷ್ಯನ ಹೆಸರನ್ನು ಹೇಳಲೇಬೇಕಾಗುತ್ತದೆ. ಪೋರ್ಚುಗೀಸರು ಅವನನ್ನು ತಿಮೋಜ ಎಂದು ಬರೆದರು. ನಮ್ಮವರು ತಿಮ್ಮೋಜ ಎನ್ನುತ್ತಾರೆ, ತಿಮ್ಮಯ್ಯ ಎಂದೂ ಓದುತ್ತಾರೆ. ಒಬ್ಬರ ಪಾಲಿಗೆ ಅವನು ಕಡಲ್ಗಳ್ಳ, ಇನ್ನೊಬ್ಬರಿಗೆ ಪರಕೀಯರಿಗೆ ಬಾಗಿಲು ತೆರೆದ ದ್ರೋಹಿ, ಮತ್ತೊಬ್ಬರಿಗೆ ವಿಜಯನಗರದ ಹಿತ ಕಾಯ್ದ ನೌಕಾನಾಯಕ. ಈ ಮೂರು ಹಣೆಪಟ್ಟಿಗಳಲ್ಲಿ ಯಾವುದೂ ಅವನಿಗೆ ಪೂರ್ತಿಯಾಗಿ ಹೊಂದುವುದಿಲ್ಲ ಎಂಬುದು ನನ್ನ ಭಾವನೆ. ಅವನನ್ನು ಅರಿಯಬೇಕಾದರೆ ಅವನ ದೋಣಿಗಳಿಂದಲೇ ಆರಂಭಿಸುವುದು ಲೇಸು.

ಶರಾವತಿಯ ಅಳಿವೆಯನ್ನು ಕಂಡವರಿಗೆ ಆ ನೀರಿನ ಸ್ವಭಾವ ಗೊತ್ತು. ಹೊಳೆ ತಂದ ಮರಳು ಮುಖದಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ಮಳೆಗಾಲ ಕಳೆದು ನೋಡಿದರೆ ದಿಬ್ಬ ಜಾಗ ಬದಲಿಸಿರುತ್ತದೆ. ಉಬ್ಬರದ ಹೊತ್ತು ನೋಡಿ ಒಳಬರಬೇಕು, ಇಳಿತದ ಸೆಳೆತ ಹಿಡಿದು ಹೊರಹೋಗಬೇಕು. ಆಳವಾದ ತಳದ ದೊಡ್ಡ ಹಡಗಿಗೆ ಇಂಥ ಬಂದರು ಬಲೆ. ಹಗುರವಾದ ದೋಣಿಗೆ ಅದೇ ಕೋಟೆ. ತಿಮ್ಮೋಜನ ಬಲವೆಲ್ಲ ಹಾಯಿಯೂ ಹುಟ್ಟೂ ಇದ್ದ ಇಂಥ ಸಣ್ಣ ದೋಣಿಗಳಲ್ಲಿತ್ತು. ಗಾಳಿ ಇದ್ದರೆ ಹಾಯಿ, ಗಾಳಿ ಬಿದ್ದರೆ ಹುಟ್ಟು. ನಸುಕಿನಲ್ಲಿ ನೆಲದಿಂದ ಬೀಸುವ ಗಾಳಿಯಲ್ಲಿ ಹೊರಟು, ಮಧ್ಯಾಹ್ನ ಕಡಲಿನಿಂದ ಬೀಸುವ ಗಾಳಿಯಲ್ಲಿ ದಡ ಸೇರುವುದು ಈ ಕರಾವಳಿಯ ಹಳೆಯ ಕ್ರಮ. ದಡವನ್ನು ಕಣ್ಣಳತೆಯಲ್ಲಿಟ್ಟುಕೊಂಡು, ಮಿರ್ಜಾನ, ಅಂಕೋಲ, ಕಾಳಿ ಹೊಳೆಯ ಮುಖ, ಹೀಗೆ ಅಳಿವೆಯಿಂದ ಅಳಿವೆಗೆ ಸಾಗಿದರೆ ಹೊನ್ನಾವರದಿಂದ ಗೋವೆಗೆ ಸುಮಾರು 150 ಕಿಲೋಮೀಟರ್ ದಾರಿ.

ಆ ದಾರಿ ತಿಮ್ಮೋಜನ ಕಾಲಕ್ಕೇ ಹಳೆಯದಾಗಿತ್ತು. 14ನೇ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಇಲ್ಲಿನ ಸುಲ್ತಾನ ಜಮಾಲುದ್ದೀನ್ 52 ಹಡಗುಗಳೊಂದಿಗೆ ಗೋವೆಯ ಮೇಲೆ ಏರಿಹೋದದ್ದನ್ನೂ, ಆ ದಂಡಿನಲ್ಲಿ ತಾನೂ ಇದ್ದದ್ದನ್ನೂ ದಾಖಲಿಸಿದ್ದಾನೆ. ಎಂದರೆ ಹೊನ್ನಾವರದ ಕಡಲಾಳುಗಳಿಗೆ ಗೋವೆಯ ನೀರು ಹೊಸದಲ್ಲ. ತಿಮ್ಮೋಜ ಒಂದು ಪರಂಪರೆಯ ಉತ್ತರಾಧಿಕಾರಿ.

ಅವನ ಕಾಲದಲ್ಲಿ ಕಡಲಿನ ಮೇಲಿನ ಅತಿ ಬೆಲೆಬಾಳುವ ಸರಕು ಕುದುರೆ. ಅರಬ್ಬೀ ಮತ್ತು ಪಾರಸೀಕ ಬಂದರುಗಳಿಂದ ಬರುವ ಕುದುರೆಗಳು ಯಾರಿಗೆ ಸಿಗುತ್ತವೆಯೋ ಅವರ ರಾವುತದಳ ಬಲಗೊಳ್ಳುತ್ತಿತ್ತು. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನು ಗೋವೆಯನ್ನು ವಿಜಯನಗರದಿಂದ ಕಿತ್ತುಕೊಂಡ. ಬಹಮನಿ ರಾಜ್ಯ ಒಡೆದ ಮೇಲೆ ಅದು ಬಿಜಾಪುರದ ಆದಿಲ್ ಶಾಹಿಗಳ ಪಾಲಾಯಿತು. ವಿಜಯನಗರಕ್ಕೆ ಉಳಿದದ್ದು ಭಟ್ಕಳ, ಹೊನ್ನಾವರದಂಥ ಬಂದರುಗಳು. ಗೋವೆಯ ಕಡೆ ಹೊರಟ ಕುದುರೆ ಹಡಗುಗಳನ್ನು ತಡೆದು ಈ ಬಂದರುಗಳತ್ತ ತಿರುಗಿಸುವುದು ತಿಮ್ಮೋಜನ ಕೆಲಸವಾಗಿತ್ತು ಎಂದು ಪೋರ್ಚುಗೀಸ್ ಬರಹಗಾರರೇ ತಿಳಿಸುತ್ತಾರೆ. ಅದು ದರೋಡೆಯೋ, ಸುಂಕವೋ, ಯುದ್ಧವೋ? ಅಂದಿನ ಕಡಲಿನಲ್ಲಿ ಈ ಮೂರರ ನಡುವೆ ಗೆರೆ ಎಳೆಯುವುದು ಕಷ್ಟ. ಅವನನ್ನು ಕಡಲ್ಗಳ್ಳ ಎಂದು ಕರೆದವರೂ ಅದನ್ನೇ ಮಾಡುತ್ತಿದ್ದರು ಎಂಬುದನ್ನು ಮರೆಯಬಾರದು.

ಪರಂಗಿಯವರೊಂದಿಗೆ ಅವನ ಮೊದಲ ಭೇಟಿ ಸ್ನೇಹದ್ದಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ಮರಳುವಾಗ ಕಾರವಾರದ ಬಳಿಯ ಅಂಜುದೀವದಲ್ಲಿ ತಂಗಿದ್ದ. ಆಗ ತಿಮ್ಮೋಜ ಎಂಟು ದೋಣಿಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ಸೊಪ್ಪುಸದೆ ಹೊದಿಸಿ, ತೇಲುವ ಪೊದೆಯಂತೆ ಕಾಣುವ ಹಾಗೆ ಹಡಗುಗಳ ಸಮೀಪಕ್ಕೆ ತಂದನೆಂದು ಪೋರ್ಚುಗೀಸ್ ಇತಿಹಾಸಕಾರರು ಬರೆದಿದ್ದಾರೆ. ಗಾಮನಿಗೆ ಸಂಶಯ ಬಂದಿತು; ಫಿರಂಗಿ ಹಾರಿತು; ದೋಣಿಗಳು ಚದುರಿದವು. ಸಣ್ಣ ದೋಣಿಯ ಚಾತುರ್ಯ ಮತ್ತು ದೊಡ್ಡ ಹಡಗಿನ ಫಿರಂಗಿ ಮುಖಾಮುಖಿಯಾದ ಆ ಗಳಿಗೆಯಲ್ಲಿ ತಿಮ್ಮೋಜ ಪಾಠವೊಂದನ್ನು ಕಲಿತಿರಬೇಕು. 1505ರಲ್ಲಿ ವೈಸರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡ ಹೊನ್ನಾವರದ ಮೇಲೆ ಬಿದ್ದು ಹಡಗುಗಳನ್ನು ಸುಟ್ಟಾಗ, ಸಂಧಾನಕ್ಕೆ ಮುಂದೆ ಬಂದವನು ಇದೇ ತಿಮ್ಮೋಜ.

ಐದು ವರ್ಷಗಳ ಬಳಿಕ ಅವನು ಇಟ್ಟ ಹೆಜ್ಜೆ ಈ ಕರಾವಳಿಯ ಚರಿತ್ರೆಯನ್ನೇ ತಿರುಗಿಸಿತು. 1510ರ ಆರಂಭದಲ್ಲಿ ಅಫೊನ್ಸೊ ಡಿ ಆಲ್ಬುಕರ್ಕ್ ಇಪ್ಪತ್ತಕ್ಕೂ ಹೆಚ್ಚು ಹಡಗುಗಳೊಂದಿಗೆ ಕೊಚ್ಚಿಯಿಂದ ಹೊರಟಿದ್ದ. ಅವನ ಗುರಿ ಕೆಂಪು ಸಮುದ್ರ. ದಾರಿಯಲ್ಲಿ ಅವನನ್ನು ಕಂಡ ತಿಮ್ಮೋಜ, ಅಷ್ಟು ದೂರ ಹೋಗುವ ಅಗತ್ಯವಿಲ್ಲವೆಂದೂ, ಗೋವೆಯ ರಕ್ಷಣೆ ಸಡಿಲಾಗಿದೆಯೆಂದೂ, ಅಲ್ಲಿನ ಜನ ಆಳುವವರ ವಿಷಯದಲ್ಲಿ ಬೇಸತ್ತಿದ್ದಾರೆಂದೂ ಮನವರಿಕೆ ಮಾಡಿಕೊಟ್ಟ. ಕಾಳಿ ಹೊಳೆಯ ಮುಖದಲ್ಲಿದ್ದ ಬಿಜಾಪುರದ ಕೋಟೆಯನ್ನು ಅವನ ಕಡೆಯವರೇ ಹಿಡಿದರು. ಫೆಬ್ರವರಿಯಲ್ಲಿ ಗೋವೆ ಹೆಚ್ಚಿನ ಹೋರಾಟವಿಲ್ಲದೆ ಕೈವಶವಾಯಿತು.

ಇಲ್ಲಿಯವರೆಗೆ ಲೆಕ್ಕ ತಿಮ್ಮೋಜನದು, ಮುಂದಿನದು ಆಲ್ಬುಕರ್ಕನದು. ಗೆದ್ದ ನಗರವನ್ನು ಕಪ್ಪಕ್ಕೆ ತನಗೊಪ್ಪಿಸಿ ಪರಂಗಿಯವರು ಮುಂದೆ ಸಾಗುತ್ತಾರೆಂದು ತಿಮ್ಮೋಜ ನಿರೀಕ್ಷಿಸಿದ್ದ. ಬಂದವರು ಹೋಗುವವರು ಎಂಬ ಎಣಿಕೆ ಆವರೆಗಿನ ಕಡಲಿನ ಅನುಭವಕ್ಕೆ ತಕ್ಕದ್ದೇ ಆಗಿತ್ತು. ಆದರೆ ಆಲ್ಬುಕರ್ಕ್ ನೆಲೆ ಊರಲು ನಿರ್ಧರಿಸಿದ್ದ. ತಿಮ್ಮೋಜನಿಗೆ ದೊರೆತದ್ದು ಹಿಂದೂ ಪ್ರಜೆಗಳ ಮುಖ್ಯಸ್ಥಿಕೆ ಮತ್ತು ಕಂದಾಯದ ಹೊಣೆ. ಮೇ ತಿಂಗಳಲ್ಲಿ ಬಿಜಾಪುರದ ಸೇನೆ ನಗರವನ್ನು ಮರಳಿ ಪಡೆಯಿತು. ಮಳೆಗಾಲದ ಕಡಲು ಅಳಿವೆಯನ್ನು ಮುಚ್ಚಿದ್ದರಿಂದ ಪೋರ್ಚುಗೀಸ್ ಹಡಗುಗಳು ಆಗಸ್ಟ್‌ವರೆಗೆ ಮಾಂಡವಿಯಲ್ಲೇ ಹಸಿವೆಯಿಂದ ಬಳಲಿದವು. ನವೆಂಬರಿನ ಎರಡನೆಯ ದಾಳಿಗೆ ಮುನ್ನವೂ ಆಲ್ಬುಕರ್ಕ್ ಹೊನ್ನಾವರದಲ್ಲಿ ತಿಮ್ಮೋಜನನ್ನು ಕಂಡೇ ಮುಂದುವರಿದ. ನವೆಂಬರ್ 25ರಂದು ಗೋವೆ ಮತ್ತೆ ಬಿದ್ದಾಗ ಅಲ್ಲಿನ ಮುಸ್ಲಿಮರ ಕಗ್ಗೊಲೆ ನಡೆಯಿತು. ತಿಮ್ಮೋಜನನ್ನು ಮೆಚ್ಚುವವರು ಈ ಸಂಗತಿಯನ್ನು ಬದಿಗೆ ಸರಿಸಬಾರದು.

ಅವನ ಕೊನೆ ವೈಭವದ್ದಲ್ಲ. ಗೋವೆಯ ಸುತ್ತಲಿನ ಸೀಮೆಯ ಅಧಿಕಾರ 1511ರಲ್ಲಿ ಹೊನ್ನಾವರದ ಅರಸುಮನೆತನದ ಮಲ್ಹಾರರಾಯನಿಗೆ ಹೋಯಿತು. ತಿಮ್ಮೋಜ ಅವನ ಕೈಕೆಳಗೆ ನಿಂತ. ಆಲ್ಬುಕರ್ಕ್ ಮಲಾಕ್ಕಾಕ್ಕೆ ತೆರಳಿದ ಮೇಲೆ ಬಿಜಾಪುರದ ಸೇನೆ ಆ ಇಬ್ಬರನ್ನೂ ಸೋಲಿಸಿತು. ಅವರು ವಿಜಯನಗರಕ್ಕೆ ಓಡಿಹೋದರು. ಕಡಲಿನಿಂದ ದೂರದ ಆ ಊರಿನಲ್ಲೇ ತಿಮ್ಮೋಜ ತೀರಿಕೊಂಡ.

ಅವನನ್ನು ದ್ರೋಹಿ ಎನ್ನಲು ನನಗೆ ಮನಸ್ಸು ಬಾರದು. ದ್ರೋಹ ಬಗೆಯಲು ಅಂದು ಇಂದಿನ ಅರ್ಥದ ರಾಷ್ಟ್ರವಿರಲಿಲ್ಲ. ಅವನ ನಿಷ್ಠೆ ಹೊನ್ನಾವರಕ್ಕೆ ಮತ್ತು ಅದರಾಚೆಯ ವಿಜಯನಗರಕ್ಕೆ ಸಲ್ಲುವಂಥದ್ದು. ಬಿಜಾಪುರ ಅವನ ವೈರಿ. ವೈರಿಯ ವೈರಿಯನ್ನು ಬಳಸಿಕೊಂಡ. ಆದರೆ ಅಷ್ಟಕ್ಕೇ ಅವನನ್ನು ಬಿಡುಗಡೆ ಮಾಡುವುದೂ ಸರಿಯಲ್ಲ. ಅಳಿವೆಯ ಆಳ, ಗಾಳಿಯ ಹೊತ್ತು, ಎದುರಾಳಿಯ ದೌರ್ಬಲ್ಯ, ಇವು ತಲೆಮಾರುಗಳ ಕಾಲ ಸಣ್ಣ ದೋಣಿಗಳಲ್ಲಿ ಓಡಾಡಿ ಒಂದು ಸಮುದಾಯ ಗಳಿಸಿದ ಅರಿವು. ಅದನ್ನು ಅವನು ಒಬ್ಬ ಪಾಲುದಾರನಿಗೆ ಕೊಡುತ್ತಿದ್ದೇನೆ ಎಂದುಕೊಂಡ, ಪಡೆದವನು ಒಡೆಯನಾದ. ಪೋರ್ಚುಗೀಸರ ರಹದಾರಿ ಚೀಟಿಯಿಲ್ಲದೆ ಈ ಕರಾವಳಿಯ ವರ್ತಕರ ಹಡಗು ನೆಮ್ಮದಿಯಿಂದ ಸಾಗುವಂತಿರಲಿಲ್ಲ. 1569ರಲ್ಲಿ, ಗೇರುಸೊಪ್ಪೆಯ ರಾಣಿಯ ಆಳ್ವಿಕೆಯಲ್ಲಿದ್ದ ಹೊನ್ನಾವರವೇ ಅವರ ವಶವಾಗಿ ಅಲ್ಲಿ ಕೋಟೆ ಎದ್ದಿತು. ತಿಮ್ಮೋಜ ಗೋವೆಯ ದಾರಿ ತೋರಿಸಿ ಆಗಿನ್ನೂ ಅರುವತ್ತು ವರ್ಷ ಕಳೆದಿರಲಿಲ್ಲ.

ಅವನ ಬದುಕಿನ ವಿವರಗಳು ನಮಗೆ ಬಂದಿರುವುದು ಬಹುಪಾಲು ಅವನ ನೆರವು ಪಡೆದವರ ಬರಹಗಳಿಂದ. ಅವರು ತಮಗೆ ಬೇಕಾದಷ್ಟನ್ನು ಬರೆದು ಉಳಿದುದನ್ನು ಬಿಟ್ಟರು. ಇಂದಿಗೂ ಹೊನ್ನಾವರದ ಮೀನುಗಾರರಿಗೆ ಅಳಿವೆಯ ಮರಳು ಈ ವರ್ಷ ಯಾವ ಕಡೆ ಸರಿದಿದೆ ಎಂಬುದು ನಕ್ಷೆಯಿಲ್ಲದೆ ತಿಳಿಯುತ್ತದೆ. ಕರಾವಳಿಗೆ ಯೋಜನೆ ಹೊತ್ತು ಬರುವವರೆಲ್ಲ ಆ ಅರಿವನ್ನು ಕೇಳಿ ಪಡೆಯುತ್ತಾರೆ; ಆದರೆ ನಿರ್ಧಾರ ಮಾಡುವಲ್ಲಿ ಅದನ್ನು ಬಲ್ಲವರಿಗೆ ಸ್ಥಾನ ಸಿಗುವುದು ಅಪರೂಪ. ತಿಮ್ಮೋಜನ ಕತೆಯನ್ನು ಶಾಲೆಯ ಮಕ್ಕಳಿಗೆ ಹೇಳುವಾಗ ಅವನು ವೀರನೋ ಕಳ್ಳನೋ ಎಂಬ ಚರ್ಚೆಗಿಂತ, ದಾರಿ ಬಲ್ಲವನು ದಾರಿ ತೋರಿಸುವ ಮೊದಲು ಯಾವ ಕರಾರು ಮಾಡಿಕೊಳ್ಳಬೇಕಿತ್ತು ಎಂಬ ಪ್ರಶ್ನೆಯನ್ನು ಇಟ್ಟರೆ ಹೆಚ್ಚು ಉಪಯೋಗವಾದೀತು.