ಅನಂತ ಪೈ
ಅನಂತ ಪೈ (ಸೆಪ್ಟೆಂಬರ್ 17, 1929 – ಫೆಬ್ರವರಿ 24, 2011) ಅವರು ಭಾರತದ ಮಕ್ಕಳ ಚಿತ್ರಕಥಾ ಸಾಹಿತ್ಯದ ಪ್ರವರ್ತಕರಲ್ಲಿ ಪ್ರಮುಖರು. 'ಅಮರ ಚಿತ್ರ ಕಥಾ' ಮಾಲೆಯ ಸಂಪಾದಕರಾಗಿಯೂ 'ಟಿಂಕಲ್' ಪತ್ರಿಕೆಯ ಸ್ಥಾಪಕರಾಗಿಯೂ ಪ್ರಸಿದ್ಧರಾದ ಇವರನ್ನು ಓದುಗ ಮಕ್ಕಳು 'ಅಂಕಲ್ ಪೈ' ಎಂದೇ ಕರೆಯುತ್ತಿದ್ದರು.

ಜನನ ಮತ್ತು ವಿದ್ಯಾಭ್ಯಾಸ

ಪೈ ಅವರು ಇಂದಿನ ಉಡುಪಿ ಜಿಲ್ಲೆಯ ಕಾರ್ಕಳದಲ್ಲಿ ಕೊಂಕಣಿ ಮಾತನಾಡುವ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದರು. ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ, ಮುಂದೆ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ರಾಸಾಯನಿಕ ತಂತ್ರಜ್ಞಾನವನ್ನು ಅಭ್ಯಾಸ ಮಾಡಿದರು. ಆದರೆ ಅವರ ಒಲವೆಲ್ಲ ಪುಸ್ತಕ ಪ್ರಕಾಶನದ ಕಡೆಗೇ ಇತ್ತು. 1954ರಲ್ಲಿ 'ಮಾನವ' ಎಂಬ ಮಕ್ಕಳ ಪತ್ರಿಕೆಯನ್ನು ಆರಂಭಿಸಿ ಕೈಸುಟ್ಟುಕೊಂಡರು.

ಇಂದ್ರಜಾಲ ಕಾಮಿಕ್ಸ್

ಅನಂತರ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗವನ್ನು ಸೇರಿದರು. 1964ರ ಮಾರ್ಚ್ ತಿಂಗಳಿನಲ್ಲಿ ಆ ಸಂಸ್ಥೆಯು 'ಇಂದ್ರಜಾಲ ಕಾಮಿಕ್ಸ್' ಮಾಲೆಯನ್ನು ಹೊರತಂದಾಗ ಅದರ ಕಾರ್ಯದಲ್ಲಿ ಪೈ ಅವರೂ ಪಾಲ್ಗೊಂಡಿದ್ದರು. ಅದರ ನಾಯಕ ಫ್ಯಾಂಟಮ್. ಮಾಲೆಯು ಜನಪ್ರಿಯವಾಯಿತು, ಆದರೆ ಕಥೆಗಳೆಲ್ಲ ಪರದೇಶದವು. 1967ರಲ್ಲಿ ದೆಹಲಿಯ ಅಂಗಡಿಯೊಂದರ ಮುಂದೆ ನಿಂತು ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವನ್ನು ವೀಕ್ಷಿಸುತ್ತಿದ್ದ ಪೈ ಅವರು ಬೆರಗಾದರು. ಗ್ರೀಕ್ ಪುರಾಣದ ಪ್ರಶ್ನೆಗೆ ಸಲೀಸಾಗಿ ಉತ್ತರಿಸಿದ ವಿದ್ಯಾರ್ಥಿಗಳಿಗೆ ಶ್ರೀರಾಮನ ತಾಯಿಯ ಹೆಸರು ತಿಳಿದಿರಲಿಲ್ಲ.

ಅಮರ ಚಿತ್ರ ಕಥಾ ಮತ್ತು ಕನ್ನಡ

ಈ ಘಟನೆಯಿಂದಲೇ ಮಾಲೆಯು ಹುಟ್ಟಿತೆಂಬುದು ಪ್ರಚಲಿತವಾದ ಕಥನ. ಕರ್ನಾಟಕದವರು ಇದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಿ ಓದಬೇಕಾಗುತ್ತದೆ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು 1965ರಲ್ಲಿಯೇ ಕನ್ನಡದಲ್ಲಿ ಚಿತ್ರಕಥೆಗಳನ್ನು ಹೊರತರುವ ಯೋಜನೆಯನ್ನು ಮುಂದಿಟ್ಟಿದ್ದರು. ಮೊದಲ ಹತ್ತು ಸಂಚಿಕೆಗಳು ಕನ್ನಡದಲ್ಲಿ ಪ್ರಕಟವಾದವು. ಅವು ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳಾಗಿದ್ದವು. ಇಂಗ್ಲಿಷಿನ ಮೊದಲ ಭಾರತೀಯ ಸಂಚಿಕೆಯಾದ 'ಕೃಷ್ಣ'ಕ್ಕೆ ಹನ್ನೊಂದನೆಯ ಸಂಖ್ಯೆ ಬಂದುದಕ್ಕೆ ಇದೇ ಕಾರಣ. ಶ್ರೇಯಸ್ಸು ಯಾರಿಗೆ ಎಷ್ಟು ಸಲ್ಲಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಆದರೂ ಕನ್ನಡದ ಪ್ರಯೋಗವು ಮೊದಲು ನಡೆಯಿತೆಂಬುದನ್ನು ಮರೆಯಲಾಗದು. ಮಾಲೆಯನ್ನು ನೂರಾರು ಸಂಚಿಕೆಗಳವರೆಗೆ ಬೆಳೆಸಿದವರು ಪೈ ಅವರೆಂಬುದೂ ಅಷ್ಟೇ ನಿಜ.

ಪ್ರಕಾಶಕರಾದ ಜಿ. ಎಲ್. ಮೀರ್‌ಚಂದಾನಿ ಅವರ ಬೆಂಬಲದಿಂದ ಪೈ ಅವರು ಬರೆದ 'ಕೃಷ್ಣ'ಕ್ಕೆ ರಾಮ್ ವಯೀರ್ಕರ್ ಚಿತ್ರಗಳನ್ನು ರಚಿಸಿದರು. ಮಾರಾಟವು ಆರಂಭದಲ್ಲಿ ತೀರ ಮಂದವಾಗಿತ್ತು. ಚಿತ್ರಕಥೆ ಓದಿದರೆ ಮಕ್ಕಳು ಕೆಡುತ್ತಾರೆಂದು ಶಾಲೆಗಳು ನಂಬಿದ್ದ ಕಾಲವದು. ಪೈ ಅವರು ಶಾಲೆಗಳನ್ನೇ ಗುರಿಯಾಗಿಸಿಕೊಂಡು, ಚಿತ್ರಕಥೆಯ ಮೂಲಕ ಇತಿಹಾಸವನ್ನು ಕಲಿಸಬಹುದೆಂದು ಉಪಾಧ್ಯಾಯರಿಗೆ ಮನವರಿಕೆ ಮಾಡಿಕೊಡಲು ಶ್ರಮಿಸಿದರು. 1978ರಲ್ಲಿ ದೆಹಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರವನ್ನು ಕುರಿತು ವಿಚಾರಗೋಷ್ಠಿಯೂ ನಡೆಯಿತು. ಕ್ರಮೇಣ ಮಾಲೆಯು ನಾನೂರಕ್ಕೂ ಹೆಚ್ಚು ಶೀರ್ಷಿಕೆಗಳಿಗೆ ಬೆಳೆದು, ಹಲವು ಭಾಷೆಗಳಲ್ಲಿ ಕೋಟ್ಯಂತರ ಪ್ರತಿಗಳು ಮಾರಾಟವಾದವು. ಕನ್ನಡ ನಾಡಿಗೆ ಸಂಬಂಧಿಸಿದ ಬಸವೇಶ್ವರ, ಪುರಂದರದಾಸ, ಕೃಷ್ಣದೇವರಾಯ, ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಸುಲ್ತಾನ್, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯ ಇವರೆಲ್ಲರ ಚರಿತ್ರೆಗಳೂ ಇದರಲ್ಲಿ ಸೇರಿವೆ.

ವಿಮರ್ಶೆ

ಮಾಲೆಯ ಬಗ್ಗೆ ಆಕ್ಷೇಪಗಳೂ ಇವೆ. ನಾಯಕರನ್ನು ಬೆಳ್ಳಗೂ ರಾಕ್ಷಸರನ್ನು ಕಪ್ಪಗೂ ಚಿತ್ರಿಸಿದುದು, ಸ್ತ್ರೀಯರನ್ನು ಪತಿವ್ರತೆಯರ ಚೌಕಟ್ಟಿಗೆ ಸೀಮಿತಗೊಳಿಸಿದುದು, ಮೇಲ್ಜಾತಿಗಳ ದೃಷ್ಟಿಯಿಂದ ಪುರಾಣವನ್ನು ನೋಡಿದುದು ಇವುಗಳನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. 'ವಾಲ್ಮೀಕಿ' ಸಂಚಿಕೆಗೆ ಪಂಜಾಬಿನ ವಾಲ್ಮೀಕಿ ಸಮುದಾಯದವರಿಂದ ತೀವ್ರ ಪ್ರತಿಭಟನೆ ಎದುರಾಗಿತ್ತು. ಎಷ್ಟೋ ಮಕ್ಕಳಿಗೆ ಪುರಾಣದ ಮೊದಲ ಪರಿಚಯವೇ ಈ ಪುಸ್ತಕಗಳಿಂದ ಆಗುತ್ತಿದ್ದುದರಿಂದ ಈ ಆಕ್ಷೇಪಗಳನ್ನು ಲಘುವಾಗಿ ಕಾಣುವಂತಿಲ್ಲ.

ಟಿಂಕಲ್ ಮತ್ತು ಕೊನೆಯ ದಿನಗಳು

1969ರಲ್ಲಿ ಪೈ ಅವರು 'ರಂಗ್ ರೇಖಾ ಫೀಚರ್ಸ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದರು. 1980ರಲ್ಲಿ ಆರಂಭವಾದ 'ಟಿಂಕಲ್' ಪತ್ರಿಕೆಯ ಸುಪ್ಪಂಡಿ, ಶಿಕಾರಿ ಶಂಭು ಮುಂತಾದ ಪಾತ್ರಗಳು ಮನೆಮಾತಾದವು. ಕಿರುತೆರೆಯ ವ್ಯಾಪ್ತಿ ಹೆಚ್ಚಿದಂತೆ ಚಿತ್ರಕಥೆಗಳ ಬೇಡಿಕೆ ಕುಗ್ಗಿ, 1990ರ ದಶಕದ ಆರಂಭದಲ್ಲಿ ಅಮರ ಚಿತ್ರ ಕಥಾದ ಹೊಸ ಶೀರ್ಷಿಕೆಗಳು ನಿಂತುಹೋದವು. ಹಳೆಯವು ಮಾತ್ರ ಮರುಮುದ್ರಣವಾಗುತ್ತಿದ್ದವು. 2007ರಲ್ಲಿ ಎರಡೂ ಪ್ರಕಟಣೆಗಳು ಎ.ಸಿ.ಕೆ. ಮೀಡಿಯಾ ಸಂಸ್ಥೆಯ ಕೈಸೇರಿದವು.

2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಭಾರತೀಯ ಕಾಮಿಕ್ ಸಮ್ಮೇಳನವು ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ನೀಡಿತು. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ 24ರಂದು, ಪೈ ಅವರು ಮುಂಬಯಿಯಲ್ಲಿ ಹೃದಯಾಘಾತದಿಂದ ನಿಧನರಾದರು.