ಸುಸನ್ನಾ ವೆಸ್ಲಿ ಅಮ್ಮನವರ ಚರಿತ್ರೆ

ಮೈಸೂರು ಸೀಮೆಯವರಿಗೆ ವೆಸ್ಲಿ ಎಂಬ ಹೆಸರು ಹೊಸದಲ್ಲ. ಆ ಹೆಸರಿನ ಮಿಷನ್ನಿನವರು ಇಲ್ಲಿ ಶಾಲೆಗಳನ್ನೂ ಅಚ್ಚುಕೂಟವನ್ನೂ ಸ್ಥಾಪಿಸಿದ್ದನ್ನು ಅನೇಕರು ಬಲ್ಲರು. ಆದರೆ ಜಾನ್ ವೆಸ್ಲಿಯವರಿಗೂ ಕೀರ್ತನಕಾರರಾದ ಅವರ ತಮ್ಮ ಚಾರ್ಲ್ಸರಿಗೂ ಮೊದಲು ಓದು ಕಲಿಸಿದವರು ಅವರ ತಾಯಿಯೇ ಎಂಬುದನ್ನು ಬಲ್ಲವರು ಕೆಲವರೇ. ಮಕ್ಕಳ ಓದುಬರಹಕ್ಕೆ ಮನೆಯಲ್ಲಿ ಏನು ಮಾಡಬಹುದೆಂದು ಚಿಂತಿಸುವ ತಾಯಿತಂದೆಗಳು ಈ ತಾಯಿಯ ಚರಿತ್ರೆಯನ್ನು ಅವಶ್ಯವಾಗಿ ತಿಳಿಯತಕ್ಕದ್ದು.

ಸುಸನ್ನಾ ಅಮ್ಮನವರು 1669ನೆಯ ಇಸವಿ ಜನವರಿ 20ರಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದರು. ಇವರ ತಂದೆ ಸ್ಯಾಮ್ಯುಯೆಲ್ ಆನೆಸ್ಲಿಯವರು ವಿದ್ವಾಂಸರಾದ ಬೋಧಕರು. 1688ರಲ್ಲಿ ಇವರು ಸ್ಯಾಮ್ಯುಯೆಲ್ ವೆಸ್ಲಿ ಎಂಬ ಬೋಧಕರನ್ನು ವಿವಾಹವಾಗಿ, ಕೆಲವು ವರುಷಗಳ ತರುವಾಯ ಲಿಂಕನ್ ಸೀಮೆಯ ಎಪ್‌ವರ್ತ್ ಎಂಬ ಊರಿನಲ್ಲಿ ನೆಲಸಿದರು. ಹುಟ್ಟಿದ 19 ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ಹತ್ತೇ ಮಂದಿ; ಮೂವರು ಗಂಡು, ಏಳು ಮಂದಿ ಹೆಣ್ಣು. ಮನೆಯಲ್ಲಿ ಬಡತನವು ತಪ್ಪಿದ್ದಿಲ್ಲ. 1705ರಲ್ಲಿ ಯಜಮಾನರು ಸಾಲದ ನಿಮಿತ್ತ ಸೆರೆಮನೆಯನ್ನೂ ಕಾಣಬೇಕಾಯಿತು. ಹೀಗಿದ್ದಾಗ್ಯೂ ಮಕ್ಕಳ ಪಾಠವನ್ನು ಅಮ್ಮನವರು ಕೈಬಿಡಲಿಲ್ಲ.

ಮಗುವಿಗೆ ಐದು ವರುಷ ತುಂಬುವ ತನಕ ಅವರು ಓದಿಸುತ್ತಿರಲಿಲ್ಲ. ತುಂಬಿದ ಬಳಿಕ ಪಾಠಕ್ಕೆ ಒಂದು ದಿವಸವನ್ನು ಗೊತ್ತುಮಾಡಿ, ಅದರ ಹಿಂದಿನ ದಿವಸವೇ ಮನೆಯನ್ನು ಓರಣಪಡಿಸಿ, ಎಲ್ಲರಿಗೂ ಅವರವರ ಕೆಲಸವನ್ನು ಹಂಚಿಕೊಟ್ಟು, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರ ವರೆಗೂ ಮಧ್ಯಾಹ್ನ ಎರಡರಿಂದ ಐದರ ವರೆಗೂ ಆ ಕೋಣೆಗೆ ಯಾರೂ ಬರಕೂಡದೆಂದು ಆಜ್ಞಾಪಿಸುತ್ತಿದ್ದರು. ಆ ಒಂದೇ ದಿವಸದಲ್ಲಿ ಮಗುವು ಅಕ್ಷರಗಳನ್ನೆಲ್ಲಾ ಕಲಿಯುತ್ತಿತ್ತು. ಮೇರಿ ಮತ್ತು ಆನ್ ಎಂಬಿಬ್ಬರಿಗೆ ಮಾತ್ರ ಒಂದೂವರೆ ದಿವಸ ಹಿಡಿಯಿತು. ಇವರನ್ನು ಅಮ್ಮನವರು ಮೊದಲು ಮಂದಮತಿಗಳೆಂದು ಎಣಿಸಿದರೂ, ಬೇರೆ ಮನೆಗಳ ಮಕ್ಕಳು ಎಷ್ಟು ಕಾಲ ತೆಗೆದುಕೊಳ್ಳುವರೆಂದು ಕಂಡ ಮೇಲೆ ಆ ಎಣಿಕೆಯನ್ನು ಬಿಟ್ಟರು. ಕಡೆಯ ಮಗಳಾದ ಕೆಜಾಯಳಿಗೆ, ತಮ್ಮ ಮನಸ್ಸಿಗೆ ವಿರೋಧವಾಗಿ ಬೇರೆಯವರ ಬಲವಂತದಿಂದ, ಐದು ತುಂಬುವ ಮೊದಲೇ ಪಾಠವನ್ನು ಆರಂಭಿಸಬೇಕಾಯಿತು. ಉಳಿದ ಮಕ್ಕಳು ತಿಂಗಳುಗಳಲ್ಲಿ ಕಲಿತದ್ದಕ್ಕೆ ಆಕೆಗೆ ವರುಷಗಳೇ ಹಿಡಿದವು.

ಅಕ್ಷರಗಳು ಬಂದ ಕೂಡಲೇ ಸತ್ಯವೇದದ ಆದಿಕಾಂಡವೇ ಅವರ ಪಾಠಪುಸ್ತಕ. ಮೊದಲನೆಯ ವಚನವನ್ನು ಕೂಡಿಸಿ ಓದಿಸಿ, ಅದು ತಡೆಯಿಲ್ಲದೆ ಬರುವ ತನಕ ತಿರಿಗಿ ತಿರಿಗಿ ಓದಿಸಿ, ಆಮೇಲೆ ಎರಡನೆಯದಕ್ಕೆ ಹೋಗುವರು.

ಹೆಣ್ಣುಮಕ್ಕಳ ವಿಷಯದಲ್ಲಿ ಅವರು ಮಾಡಿದ ನೇಮವು ವಿಶೇಷವಾಗಿ ಗಮನಿಸತಕ್ಕದ್ದು. ಚೆನ್ನಾಗಿ ಓದಲು ಬರುವ ವರೆಗೆ ಯಾವ ಹುಡುಗಿಯನ್ನೂ ಹೊಲಿಗೆ ಮುಂತಾದ ಮನೆಗೆಲಸಕ್ಕೆ ಹಚ್ಚಕೂಡದು. ಕೇಳುವಂತೆ ಓದಬಲ್ಲ ಸ್ತ್ರೀಯರು ವಿರಳವಾಗಿರುವುದಕ್ಕೆ ಈ ಅವಸರವೇ ಕಾರಣವೆಂಬುದು ಅವರ ಅಭಿಪ್ರಾಯ. ಗಂಡುಮಕ್ಕಳು ಮೂವರೂ ಮುಂದೆ ಲಂಡನಿನ ದೊಡ್ಡ ಶಾಲೆಗಳಿಗೂ ಆಕ್ಸ್‌ಫರ್ಡಿಗೂ ಹೋದರು. ವಿದ್ಯಾಪೀಠದ ಬಾಗಿಲು ತೆರೆಯದಿದ್ದ ಹೆಣ್ಣುಮಕ್ಕಳಿಗೋ ತಾಯಿಯ ಕೋಣೆಯೇ ಶಾಲೆಯಾಗಿತ್ತು. ಅಲ್ಲಿ ಕಲಿತ ಎಮಿಲಿಯಾ ಉಪಾಧ್ಯಾಯಿನಿಯಾದಳು. ಹೆಟ್ಟಿಯು ಎಂಟು ವರುಷದವಳಾಗಿದ್ದಾಗಲೇ ಗ್ರೀಕ್ ಭಾಷೆಯನ್ನು ಓದಬಲ್ಲವಳಾಗಿ, ಮುಂದೆ ಕವಿತೆಗಳನ್ನು ಬರೆದಳು. ಆದರೆ ತನಗೆ ಒಗ್ಗದ ವಿವಾಹದಲ್ಲಿ ಸಿಕ್ಕಿ ಆಕೆ ಬಹಳ ದುಃಖವನ್ನು ಅನುಭವಿಸಿದಳು. ವಿದ್ಯೆಯು ಹೆಣ್ಣಿಗೆ ಬೆಳಕನ್ನು ಕೊಡುವುದು. ದಾರಿಯನ್ನಾದರೋ ಮನೆಯವರೂ ಲೋಕದವರೂ ಬಿಟ್ಟುಕೊಡಬೇಕು.

1709ನೆಯ ಫೆಬ್ರವರಿಯಲ್ಲಿ ಮನೆಯು ಬೆಂಕಿಗೆ ತುತ್ತಾಯಿತು. ಐದು ವರುಷದ ಜಾನನನ್ನು ಕಿಟಕಿಯಿಂದ ಇಳಿಸಿ ಬದುಕಿಸಿದರು. ಮಕ್ಕಳು ಹಲವು ಮನೆಗಳಲ್ಲಿ ಚದರಿದ್ದು, ಹಿಂದಿನ ನಡತೆಯನ್ನು ಮರೆತು ಮರಳಿಬಂದರು. ಅಮ್ಮನವರು ಬೇಸರಪಡದೆ ಎಲ್ಲವನ್ನೂ ಹೊಸದಾಗಿ ಆರಂಭಿಸಿದರು. ದೊಡ್ಡ ಮಗುವು ಎಲ್ಲರಿಗಿಂತ ಚಿಕ್ಕದನ್ನೂ, ಎರಡನೆಯದು ಅದರ ಮೇಲಿನದನ್ನೂ ಜೊತೆಗೆ ಕರಕೊಂಡು ದಿನಾಲೂ ಓದುವಂತೆ ಏರ್ಪಡಿಸಿದರು. ಮಗಳು ಸುಸನ್ನಾಳಿಗೋಸ್ಕರ ವಿಶ್ವಾಸಪ್ರಮಾಣದ ವಿವರಣೆಯನ್ನು ಪತ್ರರೂಪವಾಗಿ ತಾವೇ ಬರೆದರು. ವಾರದ ಒಂದೊಂದು ಸಾಯಂಕಾಲವನ್ನು ಒಂದೊಂದು ಮಗುವಿನ ಸಂಗಡ ಏಕಾಂತವಾಗಿ ಮಾತಾಡುವುದಕ್ಕೆ ಇಟ್ಟರು. ಜಾನನಿಗೆ ಗುರುವಾರ, ಚಾರ್ಲ್ಸನಿಗೆ ಶನಿವಾರ. ಆದಿತ್ಯವಾರ ಮಾತ್ರ ಎಮಿಲಿಯಾ, ಸುಸನ್ನಾ ಇಬ್ಬರಿಗೂ ಕೂಡಿಯೇ.

ಅಮ್ಮನವರ ಶಿಕ್ಷೆಯು ಬಹು ಕಠಿಣವಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಬೆತ್ತಕ್ಕೆ ಅಂಜಬೇಕೆಂದೂ ಅಳುವಾಗಲೂ ಮೆಲ್ಲಗೆ ಅಳಬೇಕೆಂದೂ ಕೂಸುಗಳಿಗೆ ಕಲಿಸಿದ್ದನ್ನು ನಾವು ಅನುಸರಿಸತಕ್ಕದ್ದಲ್ಲ. ಆದರೆ ತಪ್ಪನ್ನು ಒಪ್ಪಿಕೊಂಡ ಮಗುವನ್ನು ಹೊಡೆಯಕೂಡದೆಂಬ ನೇಮವೂ ಅದೇ ಮನೆಯಲ್ಲಿತ್ತು. ಈ ಕ್ರಮಗಳನ್ನೆಲ್ಲಾ ಅವರು 1732ರಲ್ಲಿ ಜಾನರಿಗೆ ಪತ್ರಮುಖವಾಗಿ ತಿಳಿಸಿದರು. 1742ನೆಯ ಜುಲೈ ತಿಂಗಳಲ್ಲಿ ಲಂಡನಿನಲ್ಲಿ ತೀರಿಕೊಂಡು, ಬನ್‌ಹಿಲ್ ಫೀಲ್ಡ್ಸ್ ಎಂಬ ಸ್ಮಶಾನದಲ್ಲಿ ಸಮಾಧಿಯಾದರು.

ಈ ಶಾಲೆಯಲ್ಲಿ ಕಲಿತು ಈಗ ತಾಯಂದಿರಾಗಿರುವ ಸಹೋದರಿಯರೇ, ಪ್ರಿಯ ತಾಯಿತಂದೆಗಳೇ, ಇಷ್ಟು ಮಕ್ಕಳಿದ್ದ ಬಡಮನೆಯಲ್ಲಿ ಆ ತಾಯಿಗೆ ಬಿಡುವಿತ್ತೆಂದು ಯಾರೂ ಹೇಳಲಾರರು. ಬಿಡುವು ತಾನಾಗಿ ಸಿಕ್ಕುವುದೆಂದು ಕಾಯದೆ, ಅವರು ವೇಳೆಯನ್ನು ಮೊದಲೇ ಮಕ್ಕಳಿಗಾಗಿ ತೆಗೆದಿಟ್ಟರು. ನಮ್ಮಿಂದ ಆರು ಗಂಟೆ ಆಗಲಿಕ್ಕಿಲ್ಲ. ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಮಗುವಿನ ಬಳಿಯಲ್ಲಿ ಕೂತು, ಅದು ಓದಿದ್ದನ್ನು ಕಿವಿಗೊಟ್ಟು ಕೇಳಿ, ಬರೆದದ್ದನ್ನು ನೋಡಿ ಮೆಚ್ಚುವುದು ಯಾವ ಮನೆಯವರಿಗೂ ಅಸಾಧ್ಯವಲ್ಲ. ಮಗಳು ಓದುತ್ತಿರುವಾಗ ಆಕೆಯನ್ನು ಅಡಿಗೆಮನೆಗೆ ಕರೆಯದಿರುವುದು ಅದಕ್ಕಿಂತಲೂ ಸುಲಭ.